ಪೀಸು ಬೇಡ, ಸಾರು ಸಾಕು ಅನ್ನುವವರಿಗೆ: ಮಟನ್ ಬಿಟ್ಟ ಅನುಭವ

ನಮ್ಮ ಶಿರಾ, ಮಧುಗಿರಿ ಕಡೆ ಮಟನ್ ಬಿಡುತ್ತೇನೆ ಅಂತ ಹೊರಟವರು ಮೊದಲು ಮಾಡುವ ಕೆಲಸ ಒಂದೇ. ತಟ್ಟೆ ಮುಂದೆ ಕೂತು "ಪೀಸ್ ಬ್ಯಾಡ, ಬರೀ ಸಾರು ಬಿಡು" ಅನ್ನುವುದು. ನಾನೂ ಶುರು ಮಾಡಿದ್ದು ಹಾಗೇ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160 ದಾಟಿತ್ತು, ಯೂರಿಕ್ ಆಸಿಡ್ 8ರ ಹತ್ತಿರ ಇತ್ತು. ಎರಡು ತಿಂಗಳು ಬರೀ ಸಾರಿನಲ್ಲಿ ಮುದ್ದೆ ಉಂಡ ಮೇಲೆ ಯೂರಿಕ್ ಆಸಿಡ್ ನೋಡಿದರೆ ಅಲ್ಲೇ ನಿಂತಿತ್ತು.

ಕಾರಣ ಸರಳ. ಯೂರಿಕ್ ಆಸಿಡ್ ಹುಟ್ಟುವುದು ಪ್ಯೂರಿನ್ ಎಂಬ ವಸ್ತುವಿನಿಂದ, ಅದು ನೀರಿನಲ್ಲಿ ಕರಗುತ್ತದೆ. ಬಾಡು, ಅಂದರೆ ಮಾಂಸ, ಬೆಂದಷ್ಟೂ ಪ್ಯೂರಿನ್ ಸಾರಿಗೆ ಇಳಿಯುತ್ತದೆ. ನೆಣ (ಕೊಬ್ಬು) ಕರಗುವುದೂ ಸಾರಿಗೇ. ಅನುಮಾನವಿದ್ದರೆ ಒಂದು ಬಟ್ಟಲು ಮಟನ್ ಸಾರನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ನೋಡಿ. ಮೇಲೆ ಮೇಣದ ಹಾಗೆ ಗಟ್ಟಿಯಾದ ಪದರ ನಿಂತಿರುತ್ತದೆ, ಚಮಚದಲ್ಲಿ ಬಿಲ್ಲೆಯಂತೆ ಎತ್ತಬಹುದು. ಬಿಸಿಯಾಗಿದ್ದಾಗ ಅದನ್ನೇ ನಾವು "ಸಾರು ಎಣ್ಣೆ ಬಿಟ್ಟೈತೆ" ಅಂತ ಮೆಚ್ಚುವುದು. ಮಂಡಿನೋವಿಗೆ ಒಳ್ಳೆಯದು ಅಂತ ಕುಡಿಸುವ ಕಾಲು ಸೂಪಿನ ಕಥೆಯೂ ಇದೇ. ನೋವು ಗೌಟಿನದ್ದಾಗಿದ್ದರೆ, ಅಂದರೆ ಯೂರಿಕ್ ಆಸಿಡ್ ಹೆಚ್ಚಿ ಕೀಲಿಗೆ ಬಂದದ್ದಾಗಿದ್ದರೆ, ಸೂಪು ಅದನ್ನು ಹೆಚ್ಚಿಸುತ್ತದೆ.

ಹಾಗಾಗಿ ಬಿಡಬೇಕಾದ್ದು ಸಾರು. ಕಷ್ಟ ಇರುವುದೂ ಅಲ್ಲೇ. ಬರೀ ಮುದ್ದೆಯನ್ನು ನುಂಗಲು ಆಗುವುದಿಲ್ಲ, ಅದಕ್ಕೆ ಗಟ್ಟಿ ಕಾರದ ಸಾರು ಬೇಕೇ ಬೇಕು. ತಿಳಿಸಾರು ಮುಂದಿಟ್ಟು ಇವತ್ತಿಂದ ಮಟನ್ ಇಲ್ಲ ಅಂದರೆ ಮೂರನೇ ಭಾನುವಾರ ಅಂಗಡಿ ಮುಂದೆ ಚೀಲ ಹಿಡಿದು ನಿಂತಿರುತ್ತೀರಿ.

ಏನೇನು ಕೆಂಪು ಮಾಂಸ ಅನ್ನುವುದರಲ್ಲೇ ಗೊಂದಲ ಇದೆ. ಕುರಿ, ಮೇಕೆ, ದನ, ಹಂದಿ ನಾಲ್ಕೂ ಕೆಂಪು ಮಾಂಸವೇ. ಹಂದಿ ಬೆಳ್ಳಗೆ ಕಾಣುತ್ತದೆ ಅಂತ ಬಿಳಿ ಮಾಂಸ ಆಗುವುದಿಲ್ಲ. ಮೇಕೆ ತಂಪು, ಕುರಿ ಉಷ್ಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಂಭವವಿರುವ ಪಟ್ಟಿಗೂ, ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೂ ಸೇರಿಸಿತು. ಬೇರೇನೂ ತೊಂದರೆ ಇಲ್ಲದವರಿಗೆ ಕೆಂಪು ಮಾಂಸ ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ಒಳಗಿರಲಿ ಎನ್ನುವುದು ಸಾಮಾನ್ಯ ಸಲಹೆ. ಅಂಥವರು ಪೂರ್ತಿ ಬಿಡಲೇಬೇಕೆಂದಿಲ್ಲ. ಗೌಟ್ ಇದ್ದವರು ಮಾತ್ರ ಬೋಟಿ, ತಲೆಮಾಂಸ, ಲಿವರ್, ಕಿಡ್ನಿಯನ್ನು ಮೊದಲ ದಿನವೇ ಬಿಡಬೇಕು, ಪ್ಯೂರಿನ್ ಹೆಚ್ಚಿರುವುದು ಒಳಗಿನ ಅಂಗಗಳಲ್ಲೇ. ಕೋಳಿ ಲಿವರ್‌ಗೂ ಇದೇ ಮಾತು.

ಶುರು ಮಾಡಲು ಶ್ರಾವಣಕ್ಕಿಂತ ಒಳ್ಳೆ ಸಮಯ ಇಲ್ಲ. ಎಷ್ಟೋ ಮನೆಗಳಲ್ಲಿ ಹೇಗೂ ಬಾಡು ಬೇಯುವುದಿಲ್ಲ, ಅಡುಗೆಮನೆ ಕಾಳು ಸೊಪ್ಪಿನ ದಾರಿಗೆ ಬಿದ್ದಿರುತ್ತದೆ. ನಿಜವಾದ ಪರೀಕ್ಷೆ ಶ್ರಾವಣ ಕಳೆದ ಮೇಲಿನ ಮೊದಲ ಭಾನುವಾರ, ಅದಾದ ಮೇಲೆ ಪಿತೃಪಕ್ಷದ ಎಡೆ. ನಿಧಾನವಾಗಿ ಕಡಿಮೆ ಮಾಡುತ್ತೇನೆ ಅನ್ನುವುದು ನನ್ನ ಮಟ್ಟಿಗೆ ಕೆಲಸ ಮಾಡಲಿಲ್ಲ. ಭಾನುವಾರ ಒಂದು ಕೆಜಿ ಬಂದರೆ ಅದು ಒಂದು ಊಟಕ್ಕೆ ಮುಗಿಯುವುದಿಲ್ಲ. ರಾತ್ರಿಗೆ ಅದೇ ಸಾರು, ಬೆಳಿಗ್ಗೆ ತಂಗಳು ಸಾರು ಕುದಿಸಿ ಇಡ್ಲಿಗೆ. ವಾರಕ್ಕೊಮ್ಮೆ ಅಂದುಕೊಂಡದ್ದು ಮೂರು ಊಟ ಆಗಿರುತ್ತದೆ.

ಮಟನ್ ಬಿಟ್ಟರೆ ಮೈಯಲ್ಲಿ ಶಕ್ತಿ ಇರುವುದಿಲ್ಲ ಅಂತ ಹೆದರಿಸುವವರು ಬಹಳ. ಲೆಕ್ಕ ಹಾಕಿ. ಮೂಳೆ ಬಿಟ್ಟು 200 ಗ್ರಾಂ ಮಟನ್‌ನಲ್ಲಿ ಸುಮಾರು 40 ಗ್ರಾಂ ಪ್ರೋಟೀನ್. ಭಾನುವಾರ ಮಾತ್ರ ತಿನ್ನುವವರಿಗೆ ಏಳು ದಿನಕ್ಕೆ ಹಂಚಿದರೆ ದಿನಕ್ಕೆ 6 ಗ್ರಾಂ ಕೂಡ ಇಲ್ಲ. ಅಂದರೆ ನೀವು ಕಳೆದುಕೊಳ್ಳುತ್ತಿರುವುದು ದಿನಕ್ಕೊಂದು ಮೊಟ್ಟೆಯಷ್ಟು. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆ, ಅರ್ಧ ಲೀಟರ್ ಹಾಲು ಮೊಸರು, ಒಣ ತೂಕದಲ್ಲಿ 60–70 ಗ್ರಾಂ ಕಾಳು, ಜತೆಗೆ ಮುದ್ದೆ ಅನ್ನದಲ್ಲಿ ಬರುವುದು ಸೇರಿದರೆ ಮುಟ್ಟುತ್ತದೆ. ಕ್ರಿಯಾಟಿನಿನ್ ಹೆಚ್ಚಿರುವವರಿಗೆ, ಅಂದರೆ ಕಿಡ್ನಿ ತೊಂದರೆ ಇರುವವರಿಗೆ, ಈ ಲೆಕ್ಕವೇ ಬೇರೆ, ಅವರು ಕಾಳನ್ನೂ ಡಾಕ್ಟರ್ ಹೇಳಿದಷ್ಟೇ ತಿನ್ನಬೇಕು. ಗೌಟ್ ಇದ್ದವರು ಬೇಳೆಕಾಳು ಮುಟ್ಟಬಾರದು ಅನ್ನುವ ಹಳೆ ಮಾತಿಗೆ ಮಾತ್ರ ಆಧಾರ ಇಲ್ಲ. ಕಾಳಿನ ಪ್ಯೂರಿನ್ ಮಾಂಸದ ಪ್ಯೂರಿನ್‌ನಂತೆ ಗೌಟ್ ಹೆಚ್ಚಿಸುವುದಿಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ.

ಈಗ ಸಾರಿಗೆ ಬರೋಣ. ಬಾಡಿನ ಸಾರಿನಲ್ಲಿ ನಾಲಿಗೆ ಹುಡುಕುವುದು ಮೂರನ್ನು: ಹುರಿದ ಮಸಾಲೆಯ ಘಮ, ಮೂಳೆಯಿಂದ ಬರುವ ಅಂಟಂಟು ಗಟ್ಟಿತನ, ಮೇಲೆ ತೇಲುವ ಎಣ್ಣೆ. ಮೊದಲನೆಯದು ಹೇಗೂ ನಮ್ಮ ಒರಳಿನದ್ದೇ, ಮಾಂಸದ್ದಲ್ಲ. ಎರಡನೆಯದನ್ನು ಹುರುಳಿಕಾಳು ಕೊಡುತ್ತದೆ. ಮೂರನೆಯದನ್ನು ನಾಲ್ಕು ಟೀ ಚಮಚ ಕಡ್ಲೆಕಾಯಿ ಎಣ್ಣೆಯಲ್ಲಿ ಮುಗಿಸಬೇಕು.

ನಾಲ್ಕು ಜನಕ್ಕೆ 200 ಗ್ರಾಂ ಹುರುಳಿಕಾಳು. ಕಲ್ಲು ಆರಿಸಿ 10–12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಒಂದೂವರೆ ದಿನ. ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದರೆ ಸಾಕು. ಹೆಚ್ಚು ಬಿಟ್ಟರೆ ಸಾರಿಗೆ ಸಿಹಿ ಬರುತ್ತದೆ.

ಕಾರಕ್ಕೆ: ಧನಿಯಾ ಮೂರು ದೊಡ್ಡ ಚಮಚ, ಬ್ಯಾಡಗಿ ಆರು, ಗುಂಟೂರು ನಾಲ್ಕು, ಮೆಣಸು ಹತ್ತು ಕಾಳು, ಒಂದಿಂಚು ಚಕ್ಕೆ, ನಾಲ್ಕು ಲವಂಗ, ಒಂದು ಟೀ ಚಮಚ ಗಸಗಸೆ. ಇವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಧನಿಯಾ ಹಸಿ ಇರುವಾಗಲೇ ಗಸಗಸೆ ಕಪ್ಪಾಗಿ ಸಾರೆಲ್ಲ ಕಹಿ. ಒಂದು ದೊಡ್ಡ ಈರುಳ್ಳಿ ಹೆಚ್ಚಿ ಅಂಚು ಕಂದು ಬರುವವರೆಗೆ ಬಾಡಿಸಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ, ಹತ್ತು ಎಲೆ ಪುದೀನ, ಒಂದು ಚಮಚ ಹುರಿಗಡಲೆ, ಒಂದು ಚಮಚ ಹುರಿದ ಕಡ್ಲೆಕಾಯಿ ಬೀಜ, ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ಅರೆಯಿರಿ.

ಕುಕ್ಕರಿನಲ್ಲಿ ಎಣ್ಣೆ ಕಾದ ಮೇಲೆ ಇನ್ನೊಂದು ಈರುಳ್ಳಿ, ಅರಿಶಿನ, ಮೊಳಕೆಕಾಳು ಹಾಕಿ ಐದಾರು ನಿಮಿಷ ಹುರಿಯಿರಿ, ಬಾಡು ಹುರಿದ ಹಾಗೇ. ಕಾಳಿನ ಹಸಿ ವಾಸನೆ ಹೋಗಿ ಹುರಿದ ಘಮ ಬಂದ ಮೇಲೆ ಬಿಸಿನೀರು ಹಾಕಿ ನಾಲ್ಕೈದು ಕೂಗು ಕೂಗಿಸಿ. ಟೊಮೇಟೊ ಈಗಲೇ ಬೇಡ. ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಂದರೆ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ, ಎಂಟು ಕೂಗಿಗೂ ಒಳಗೆ ಹಿಟ್ಟುಹಿಟ್ಟಾಗೇ ಇರುತ್ತದೆ. ಕಾಳಿನ ತಪ್ಪು ಅಂತ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮುಂಚೆ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ನೆನೆಸಿ, ಅದರಲ್ಲೇ ಬೇಯಿಸಿ ನೋಡಿ.

ಬೆಂದ ಕಾಳಿನಲ್ಲಿ ಎರಡು ಸೌಟು ತೆಗೆದು ಅರೆದಿಟ್ಟ ಕಾರದ ಜತೆ ಮತ್ತೊಮ್ಮೆ ರುಬ್ಬಿ ಸಾರಿಗೇ ಸೇರಿಸಿ. ಮೂಳೆ ಕೊಡುವ ಗಟ್ಟಿತನ ಬರುವುದು ಇಲ್ಲಿಂದ. ಈ ಹೆಜ್ಜೆ ಬಿಟ್ಟರೆ ಸಾರು ಒಂದು ಕಡೆ, ಕಾಳು ಒಂದು ಕಡೆ. ಆಮೇಲೆ ಉಪ್ಪು, ಒಂದು ಟೊಮೇಟೊ ಹಾಕಿ, ಮುಚ್ಚಳ ತೆಗೆದು 12–15 ನಿಮಿಷ ಕುದಿಸಿ. ಕಾರವನ್ನು ಮೊದಲೇ ಕುಕ್ಕರಿಗೆ ಹಾಕಿದರೆ ಹುರಿಗಡಲೆ ತಳ ಹಿಡಿದು ಸೀಯುತ್ತದೆ. ಅಂಚಿನಲ್ಲಿ ಎಣ್ಣೆ ಸಣ್ಣಗೆ ಬಿಟ್ಟರೆ ಆಯಿತು. ಮೊದಲ ವಾರ ಹೊಟ್ಟೆ ಉಬ್ಬರಿಸಿದರೆ ಕಾಳು ಅರ್ಧ ಮಾಡಿ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ನೆನೆಸಿದ ನೀರು ಚೆಲ್ಲಲು ಹೇಳಿದ್ದೂ ಇದಕ್ಕೇ.

ಕಾಯಿ ಎರಡೇ ಚಮಚ ಅಂದದ್ದಕ್ಕೆ ತಿಪಟೂರಿನವರು ನಗಬಹುದು. ಆದರೆ ಕಲ್ಪತರು ನಾಡಿನಲ್ಲಿ ಮಟನ್ ಬಿಟ್ಟೂ ಎಲ್‌ಡಿಎಲ್ ಇಳಿಯದಿದ್ದರೆ ನಾನು ಮೊದಲು ನೋಡುವುದು ತೆಂಗಿನಕಾಯಿಯ ಕಡೆಗೇ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಸುಮಾರು 30 ಗ್ರಾಂ ಇದೆ, ಅದೇ ತೂಕದ ಮಟನ್‌ಗಿಂತ ಎಷ್ಟೋ ಹೆಚ್ಚು. ಬಾಡಿನ ಬದಲು ದಿನಾ ಅರ್ಧ ಹೋಳು ಅರೆದು ಸಾರು, ಪಲ್ಯ, ಚಟ್ನಿ ಮಾಡಿದರೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ಹಾಗೆ. ಗಟ್ಟಿತನಕ್ಕೆ ಕಾಯಿಯ ಬದಲು ಹುರಿಗಡಲೆ, ಕಡ್ಲೆಕಾಯಿ ಬೀಜ, ರುಬ್ಬಿದ ಕಾಳು ಬಳಸಿ. ಪಾವಗಡ, ಶಿರಾದ ಕಡ್ಲೆಕಾಯಿ ಇರುವಾಗ ಇದೇನು ಕಷ್ಟದ ಮಾತಲ್ಲ.

ಕಾಯಿ ಮೊದಲ ಜಾರುಗುಂಡಿಯಾದರೆ ಎರಡನೆಯದು ಕೋಳಿ ಕಬಾಬ್. ಮಟನ್ ಬಿಟ್ಟೆ ಅಂತ ಸಂಜೆ ಸಂಜೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದದ್ದು ತಿಂದರೆ ಏನೂ ಉಳಿಸಿದಂತಾಗಲಿಲ್ಲ. ಕೋಳಿ ತಂದರೆ ಚರ್ಮ ತೆಗೆಸಿ, ಸಾರು ಅಥವಾ ಗೊಜ್ಜು ಮಾಡಿ. ಕೆರೆ ಮೀನು, ಅಂದರೆ ಕಟ್ಲಾ, ರೋಹು, ಇನ್ನೂ ಒಳ್ಳೆಯದು. ಯೂರಿಕ್ ಆಸಿಡ್ ಇದ್ದವರು ಬೂತಾಯಿ ಮತ್ತು ಒಣಮೀನು ಬಿಡಿ. ಮೂರನೆಯದು ಎರಡನೇ ಮುದ್ದೆ. ಬಾಡಿಲ್ಲದ ಊಟಕ್ಕೆ ಹೊಟ್ಟೆ ತುಂಬಿದಂತೆ ಅನಿಸದೆ ಕೈ ತಾನಾಗಿ ಇನ್ನೊಂದು ಮುದ್ದೆಗೆ ಹೋಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಲ್ಲಿ ಲೆಕ್ಕ ತಪ್ಪುತ್ತದೆ. ಒಂದೇ ಮುದ್ದೆ, ಕಾಳು ಎರಡು ಸೌಟು, ಪಕ್ಕಕ್ಕೆ ಸೊಪ್ಪಿನ ಪಲ್ಯ. ಇನ್ನು ಬಾಡೂಟದ ಜತೆ ಬರುವ "ಎಣ್ಣೆ", ಅಡುಗೆಯದ್ದಲ್ಲದ್ದು. ಮಟನ್ ಬಿಟ್ಟು ಬಿಯರ್ ಉಳಿಸಿಕೊಂಡರೆ ಗೌಟ್ ಹೋಗುವುದಿಲ್ಲ.

ಕಬ್ಬಿಣಾಂಶ ಮತ್ತು ಬಿ12 ಎರಡನ್ನು ಮರೆಯಬಾರದು. ಮಾಂಸದ ಕಬ್ಬಿಣ ಮೈಗೆ ಬೇಗ ಹಿಡಿಯುತ್ತದೆ, ಕಾಳು ಸೊಪ್ಪಿನದ್ದು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಉಣ್ಣುವಾಗ ಕಾಳಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಊಟ ಮುಗಿಸಿ ಕೈತೊಳೆದ ತಕ್ಷಣ ಟೀ ಕುಡಿಯುವ ಅಭ್ಯಾಸ ಬಿಡಿ, ಒಂದು ಗಂಟೆ ತಡೆಯಿರಿ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಹಾಗಾಗಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಟನ್ ಬಿಟ್ಟರೆ ಮೊದಲು ಸುಸ್ತಾಗುವವರು ಅವರೇ. ಬಿ12 ಲಿವರಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ, ಪಾದ ಜೋಮು ಹಿಡಿಯುವುದು, ಮರೆವು ಇತ್ಯಾದಿ. ಮೊಟ್ಟೆ, ಹಾಲು, ಮೀನು ತಿನ್ನುವವರಿಗೆ ಅಷ್ಟು ಭಯವಿಲ್ಲ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮಾತ್ರ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಆ ಮಾತ್ರೆಯೇ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ.

ರಕ್ತಪರೀಕ್ಷೆ ಬಿಡುವ ಮುಂಚೆ ಒಮ್ಮೆ, 12 ವಾರಕ್ಕೆ ಇನ್ನೊಮ್ಮೆ: ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಯೂರಿಕ್ ಆಸಿಡ್, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಬಿ12. ಎರಡು ಸಲವೂ ಒಂದೇ ಲ್ಯಾಬ್. ಬಾಡೂಟ ಉಂಡ ಮಾರನೇ ದಿನ ಹೋಗಬೇಡಿ. ನಿರೀಕ್ಷೆ ಮಿತಿಯಲ್ಲಿರಲಿ: ಯೂರಿಕ್ ಆಸಿಡ್‌ನ ಮೂರನೇ ಎರಡು ಭಾಗ ಮೈಯೊಳಗೇ ಹುಟ್ಟುವುದು, ಪಥ್ಯದಿಂದ ಇಳಿಯುವುದು 1 ಮಿಲಿಗ್ರಾಂ ಆಸುಪಾಸು. ಡಾಕ್ಟರ್ ಕೊಟ್ಟ ಮಾತ್ರೆಯನ್ನು "ಮಟನ್ ಬಿಟ್ಟೆನಲ್ಲ" ಅಂತ ನೀವೇ ನಿಲ್ಲಿಸಬೇಡಿ.

ಬೀಗರೂಟ, ದೇವರ ಪರ, ಜಾತ್ರೆಗಳಲ್ಲಿ "ಡಾಕ್ಟ್ರು ಬ್ಯಾಡ ಅಂದವ್ರೆ" ಅನ್ನುವುದು ದುರ್ಬಲ ಉತ್ತರ. "ಒಂದಿನಕ್ಕೆ ಏನಾಗಲ್ಲ ತಿನ್ನು ಮಾವ" ಅಂತ ಬಡಿಸುವವರು ಸೌಟು ಬಗ್ಗಿಸಿಯೇ ಬಿಡುತ್ತಾರೆ. "ಹರಕೆ ಐತೆ ಕಣಪ್ಪ, ಒಂದ್ವರ್ಷ ಬಿಟ್ಟಿದೀನಿ" ಅನ್ನಿ, ಎರಡನೇ ಮಾತು ಬರುವುದಿಲ್ಲ. ಡಾಕ್ಟರಿಗೆ ಇಲ್ಲದ ಮರ್ಯಾದೆ ಊರಮ್ಮನಿಗಿದೆ. ಹಲವರು ದುಡ್ಡು ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಿನ ಪಾಲಿಗೆ, ಯುಗಾದಿ ಮಾರನೇ ದಿನದ ಹೊಸತೊಡಕಿನ ಮಟನ್ ಚೀಟಿಗೆ ಹೆಸರು ಬರೆಸಬೇಡಿ. ದುಡ್ಡು ಕಟ್ಟಿದ ಮೇಲೆ ಬೋಟಿ, ಲಿವರ್ ಎಲ್ಲ ಪಾಲಿಗೆ ಬಂದೇ ಬರುತ್ತದೆ, ಬಂದದ್ದನ್ನು ಯಾರೂ ಚೆಲ್ಲುವುದಿಲ್ಲ.

ಹೊಸತೊಡಕಿನ ದಿನ ಮನೆಯಲ್ಲಿ ಉಳಿದವರಿಗೆ ಮಟನ್ ಬೇಕೇ ಬೇಕು ಅಂದರೆ ಕಾರ ಒಂದೇ ಸಲ ಅರೆದು ಎರಡು ಪಾಲು ಮಾಡಿ. ಒಂದು ಪಾಲು ಅವರ ಪಾತ್ರೆಗೆ. ಇನ್ನೊಂದಕ್ಕೆ ಆ ಹೊತ್ತಿಗೆ ಗುಬ್ಬಿ, ಚೇಳೂರು ಕಡೆಯಿಂದ ಬರುವ ಎಳೆ ಹಲಸಿನಕಾಯಿ. ಕೈಗೆ ಎಣ್ಣೆ ಸವರಿಕೊಂಡು ಮುಳ್ಳು ಹೆರೆದು, ದೊಡ್ಡ ತುಂಡು ಮಾಡಿ, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಎರಡೇ ಕೂಗು. ಮೂರಾದರೆ ನಾರು ಬಿಟ್ಟು ಕಲಸಿಹೋಗುತ್ತದೆ. ಪ್ರೋಟೀನ್ ಲೆಕ್ಕದಲ್ಲಿ ಅದು ಬರೀ ತರಕಾರಿ, ಅದಕ್ಕೇ ತಲೆಗೊಂದು ಬೇಯಿಸಿದ ಮೊಟ್ಟೆ ಸೀಳಿ ಸಾರಿಗೆ ಬಿಡಿ. ಎರಡು ಪಾತ್ರೆಗೂ ಬೇರೆ ಬೇರೆ ಸೌಟು ಇಡಿ. ಸೌಟು ಒಂದೇ ಆದರೆ ಮೂರನೇ ಸಲ ಬಡಿಸುವ ಹೊತ್ತಿಗೆ ಹಲಸಿನ ಸಾರಿನ ಮೇಲೂ ನೆಣ ತೇಲುತ್ತಿರುತ್ತದೆ.