ಸಾಮಾನ್ಯ ಕಾರಿನಲ್ಲಿ ಕೊಲರಾಡೊ ಕಾಡಿನ ಪುಕ್ಕಟೆ ಬಿಡಾರ: ನನ್ನ ಅನುಭವ

ಆರು ಬೇಸಿಗೆ, ಹೆಚ್ಚುಕಡಿಮೆ ಎಪ್ಪತ್ತೈದು ರಾತ್ರಿ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ನೆಲದಿಂದ ಎಂಟೂವರೆ ಇಂಚು ಎತ್ತರದ ಮಾಮೂಲಿ ಆಲ್‌ವೀಲ್ ಡ್ರೈವ್ ಕಾರು. ಜಾಗಕ್ಕೆ ಕೊಟ್ಟ ಬಾಡಿಗೆ ಸೊನ್ನೆ. "ಬುಕಿಂಗ್ ಇಲ್ಲದೆ ಮಕ್ಕಳನ್ನು ಕಟ್ಕೊಂಡು ಕಾಡಿಗೆ ಹೋಗ್ತೀರಲ್ಲ, ಜಾಗ ಸಿಗದಿದ್ರೆ ಏನ್ಮಾಡ್ತೀರಿ?" ಎಂದು ಡೆನ್ವರಿನ ಕನ್ನಡ ಗೆಳೆಯರು ಕೇಳುತ್ತಲೇ ಬಂದರು. ಜೀಪೋ ಟ್ರಕ್ಕೋ ಇಲ್ಲದೆ ಇದು ಆಗುವ ಮಾತಲ್ಲ ಅಂದವರೂ ಇದ್ದಾರೆ. ಕಳೆದ ಮೂರು ಬೇಸಿಗೆಯಲ್ಲಿ ಜಾಗ ಸಿಗದೆ ವಾಪಸಾದದ್ದು ಒಂದು ಸಲವೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಿಎಲ್‌ಎಂ (ಅಮೆರಿಕದ ಕೇಂದ್ರ ಸರ್ಕಾರದ ಬಯಲು ನೆಲ ನೋಡಿಕೊಳ್ಳುವ ಇಲಾಖೆ), ನ್ಯಾಷನಲ್ ಫಾರೆಸ್ಟ್ (ಅದೇ ಸರ್ಕಾರದ ಕಾಡು), ಒಂದೇ ಕಡೆ ಬಿಡಾರಕ್ಕಿರುವ 14 ದಿನದ ಮಿತಿ, ಇವನ್ನೆಲ್ಲ ಮೊದಲಿಂದ ಹೇಳುತ್ತಾ ಕೂರುವುದಿಲ್ಲ. ಡೇರೆ ಹೊಡೆಯಲು ಬಲ್ಲವರಿಗೆ ಇದು.

ಮೊದಲ ಎರಡು ವರ್ಷ ಕೆಟ್ಟದ್ದು ಜಾಗ ಹುಡುಕುವ ರೀತಿಯಿಂದಲೇ. ಪುಕ್ಕಟೆ ಜಾಗಗಳ ಪಟ್ಟಿ ಕೊಡುವ ಆ್ಯಪ್‌ಗಳನ್ನು ನಂಬಿದರೆ ಅದೇ ಆ್ಯಪ್ ಹಿಡಿದ ಇನ್ನೂ ನೂರು ಜನ ಅದೇ ಜಾಗಕ್ಕೆ ಬಂದಿರುತ್ತಾರೆ. ಟೀಟಾನ್ ಪರ್ವತಗಳು ಕಾಣುವ ವಯೋಮಿಂಗ್‌ನ ಶ್ಯಾಡೋ ಮೌಂಟನ್ ಇದಕ್ಕೆ ಒಳ್ಳೆಯ ಉದಾಹರಣೆ. ನೋಟ ಅದ್ಭುತ, ನಿಜ. ಆದರೆ ಜುಲೈನಲ್ಲಿ ಸಂಜೆ ಹೋದರೆ ಕಾರು ತಿರುಗಿಸುವುದಕ್ಕೂ ಎಡೆಯಿರುವುದಿಲ್ಲ. ಬೇಸಿಗೆಯ ಮಿತಿಯೂ ಅಲ್ಲಿ ಐದೇ ದಿನ. ಕೊಲರಾಡೊದ ಕ್ರೆಸ್ಟೆಡ್ ಬ್ಯೂಟ್ ಊರಿನ ಸುತ್ತಲ ಕಣಿವೆಗಳಲ್ಲಿ 2021ರಿಂದ ನಂಬರ್ ಕಂಬ ನೆಟ್ಟ ಜಾಗದಲ್ಲಿ ಮಾತ್ರ ಬಿಡಾರ. ಯೂಟಾದ ಮೋಆಬ್ ಸುತ್ತಮುತ್ತ ಬಿಎಲ್‌ಎಂ ನೆಲದಲ್ಲಿ ಹೆಚ್ಚಿನ ಕಡೆ ಹೀಗೇ. ಆ್ಯಪ್‌ನಲ್ಲಿ ಹಳೆಯ ಬರಹ ಹಾಗೇ ಉಳಿದಿರುತ್ತದೆ, ನಿಯಮ ಯಾವಾಗಲೋ ಬದಲಾಗಿರುತ್ತದೆ.

ಈಗ ನಾನು ಶುರು ಮಾಡುವುದು ಇಲ್ಲಿನ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್‌ನ ಎಂವಿಯುಎಂ ನಕ್ಷೆಯಿಂದ, ಅಂದರೆ ಯಾವ ರಸ್ತೆಯಲ್ಲಿ ಯಾವ ಗಾಡಿ ಓಡಿಸಬಹುದು ಎಂದು ತೋರಿಸುವ ನಕ್ಷೆಯಿಂದ. ಪುಕ್ಕಟೆ ಸಿಗುತ್ತದೆ, ಅವೆಂಜಾ ಎಂಬ ನಕ್ಷೆ ಆ್ಯಪ್‌ನಲ್ಲಿ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ನೀವೆಲ್ಲಿದ್ದೀರಿ ಎಂಬ ನೀಲಿ ಚುಕ್ಕೆ ಕಾಣುತ್ತದೆ. ಕಪ್ಪುಬಿಳುಪು, ಬೆಟ್ಟಗುಡ್ಡದ ಗುರುತಿಲ್ಲ, ನೋಡಲು ಬೇಸರ. ಅದಕ್ಕೇ ಜನ ಮುಟ್ಟುವುದಿಲ್ಲ, ಅದೇ ನಮಗೆ ಅನುಕೂಲ. ರಸ್ತೆಯ ಎರಡೂ ಬದಿಗೆ ಸಣ್ಣ ಚುಕ್ಕೆಗಳ ಸಾಲಿದ್ದರೆ ಅಲ್ಲಿ ಕಾರು ಇಳಿಸಿ ಬಿಡಾರ ಹೂಡಬಹುದು ಎಂದರ್ಥ. ಎಷ್ಟು ದೂರ ಒಳಗೆ ಹೋಗಬಹುದು ಎಂಬುದಕ್ಕೆ ಕಾಡಿಗೊಂದು ಲೆಕ್ಕ: ಕೆಲವೆಡೆ 300 ಅಡಿ, ಕೆಲವೆಡೆ ಅದರರ್ಧ. ನಕ್ಷೆಯ ಅಂಚಿನ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಲೇಬೇಕು. ಪಕ್ಕದ ಕೋಷ್ಟಕದಲ್ಲಿ ಗೇಟು ತೆರೆಯುವ, ಮುಚ್ಚುವ ತಾರೀಖುಗಳೂ ಇರುತ್ತವೆ.

ಅದರ ಮೇಲೆ ಯಾರ ನೆಲ ಎಂದು ತೋರಿಸುವ ಬಣ್ಣದ ಪದರ. ಹಳದಿ ಬಿಎಲ್‌ಎಂ, ಹಸಿರು ಫಾರೆಸ್ಟ್, ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಕೊಲರಾಡೊದಲ್ಲಿ ನೀಲಿಯನ್ನು ಸಾರ್ವಜನಿಕ ನೆಲ ಎಂದುಕೊಂಡು ಇಳಿದವರು ಬಹಳ. ರಾಜ್ಯದ ಟ್ರಸ್ಟ್ ಭೂಮಿ ಇಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿಲ್ಲ, ದಾಟಿ ಮುಂದೆ ಹೋಗಿ. ಹಸಿರಿನ ನಡುವೆ ಹಳೆಯ ಗಣಿ ಪಟ್ಟಾಗಳ ಬಿಳಿ ತುಂಡುಗಳು ಚೂರುಚೂರಾಗಿ ಸಿಕ್ಕಿಕೊಂಡಿರುತ್ತವೆ. ಅವನ್ನು ಪೂರ್ತಿ ಝೂಮ್ ಮಾಡಿ ನೋಡಬೇಕು.

ಆಮೇಲೆ ಉಪಗ್ರಹ ಚಿತ್ರ. ರಸ್ತೆಯಿಂದ ಕವಲೊಡೆದ ಗೆರೆ, ಅದರ ತುದಿಯಲ್ಲಿ ಬೋಳಾದ ತಿಳಿ ಬಣ್ಣದ ನೆಲ: ಅದು ಜನ ಈಗಾಗಲೇ ಬಳಸಿದ ತಾಣ. ಹೊಸ ಜಾಗ ಮಾಡಬಾರದು. ಹುಲ್ಲು ಸತ್ತ ಜಾಗದಲ್ಲೇ ಇಳಿಯಬೇಕು. ಜೂನ್ ತಿಂಗಳಾದರೆ ಹಿಮ ಕರಗಿದೆಯೇ ಎಂದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡುತ್ತೇನೆ. ಐದು ದಿನಕ್ಕೊಮ್ಮೆ ಹೊಸದು ಬರುತ್ತದೆ, ಕಾಸು ಕೊಡಬೇಕಿಲ್ಲ. ಗೇಟು ತೆರೆದಿದ್ದರೂ ಉತ್ತರಕ್ಕೆ ಮುಖ ಮಾಡಿದ ತಿರುವಿನಲ್ಲಿ ಹಿಮದ ದಿಬ್ಬ ರಸ್ತೆಗೆ ಅಡ್ಡ ಮಲಗಿರುತ್ತದೆ. ಹತ್ತು ಸಾವಿರ ಅಡಿಯ ಮೇಲೆ ಇದು ಜೂನ್ ಕೊನೆವರೆಗೂ ಮಾಮೂಲು. ಯಾವ ಕಣಿವೆಯಲ್ಲಿ ಎಷ್ಟು ಜನ ಇರಬಹುದು ಎಂದು ಮನೆಯಲ್ಲೇ ಅಂದಾಜಿಸುವ ಇನ್ನೊಂದು ಉಪಾಯವಿದೆ. ಅದನ್ನೂ ನನ್ನ ಜಾಗಗಳ ಗುರುತನ್ನೂ ಇಲ್ಲಿ ಬರೆಯುವುದಿಲ್ಲ.

ಕಾರಿಗೆ ಹೋಗುವ ರಸ್ತೆ ಯಾವುದು, ಹೋಗದ್ದು ಯಾವುದು ಎಂಬುದನ್ನು ಫಾರೆಸ್ಟ್‌ನವರೇ ಕಂಬದ ಮೇಲೆ ಬರೆದಿಟ್ಟಿದ್ದಾರೆ, ಯಾರೂ ಓದುವುದಿಲ್ಲ. ರಸ್ತೆಯ ಸಂಖ್ಯೆ ಅಡ್ಡಡ್ಡ ಬರೆದಿದ್ದರೆ ಮಾಮೂಲಿ ಕಾರಿಗೆಂದು ನೋಡಿಕೊಂಡ ರಸ್ತೆ. ಕಂದು ಬಣ್ಣದ ತೆಳು ಕಂಬದ ಮೇಲೆ ಅಂಕಿಗಳು ಮೇಲಿಂದ ಕೆಳಕ್ಕೆ ಒಂದರ ಕೆಳಗೊಂದು ಇದ್ದರೆ ಎತ್ತರದ ಗಾಡಿಗೆ ಮಾತ್ರ. ಇದೊಂದು ತಿಳಿದ ಮೇಲೆ ನನ್ನ ಅರ್ಧ ತೊಂದರೆ ಹೋಯಿತು. ಅಡ್ಡ ಸಂಖ್ಯೆಯ ರಸ್ತೆಯಿಂದ ನೂರಿನ್ನೂರು ಅಡಿಯೊಳಗಿನ ಕವಲುಗಳನ್ನು ಮಾತ್ರ ಆರಿಸುತ್ತೇನೆ.

ಕವಲಿಗೆ ಕಾರು ಇಳಿಸುವ ಮುಂಚೆ ನಡೆದು ನೋಡಲೇಬೇಕು. ಮೊದಲ ವರ್ಷ ಬಂಪರಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಿತ್ತುಬಂದು ಸುಮಾರು 300 ಡಾಲರ್ ಹೋದದ್ದು ನಡೆದು ನೋಡದ್ದಕ್ಕೆ. ನನ್ನ ಬಳಿ ನಾಲ್ಕಡಿಯ ಬಿದಿರು ಕೋಲಿದೆ. ತುದಿಯಿಂದ ಏಳು ಇಂಚಿಗೆ ಕೆಂಪು ಟೇಪು ಸುತ್ತಿದೆ. ಚಕ್ರದ ಹಳ್ಳದಲ್ಲಿ ಊರಿದಾಗ ನಡುವಿನ ದಿಬ್ಬ ಟೇಪಿಗಿಂತ ಮೇಲಿದ್ದರೆ ಆ ಕವಲು ಬೇಡ. ಕಾರಿನ ಎತ್ತರ ಎಂಟೂವರೆ ಇಂಚಾದರೂ ಸಾಮಾನು, ನೀರು, ನಾಲ್ಕು ಜನ ಕೂತಾಗ ಒಂದಿಂಚು ಕುಸಿದಿರುತ್ತದೆ, ಅದಕ್ಕೆ ಏಳು. ನೀರು ನಿಂತ ಗುಂಡಿಯ ಆಳಕ್ಕೂ ಅದೇ ಕೋಲು.

ಅದೇ ಕೋಲಿನಿಂದ ಒಣಮರದ ಎತ್ತರವನ್ನೂ ಅಳೆಯುತ್ತೇನೆ. ತೊಗಟೆ ಕೊರೆಯುವ ಹುಳು ಬಿದ್ದು ಇಲ್ಲಿ ಲಾಡ್ಜ್‌ಪೋಲ್ ಪೈನ್ ಕಾಡುಗಳು ಕಾಡುಗಳೇ ಒಣಗಿ ನಿಂತಿವೆ. ಬೇರು ಕೊಳೆತಿರುತ್ತದೆ, ಗಾಳಿ ಬಂದರೆ ಬೀಳುತ್ತವೆ. ಕೈ ನೀಳವಾಗಿ ಚಾಚಿ, ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಕೋಲು ಅಷ್ಟೇ ಉದ್ದ ನಿಲ್ಲುವಂತೆ ನೆಟ್ಟಗೆ ಹಿಡಿಯಬೇಕು. ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಸರಿಹೊಂದುವವರೆಗೆ ಹಿಂದೆ ಹೆಜ್ಜೆ ಇಡಿ. ನೀವು ನಿಂತ ಜಾಗಕ್ಕೂ ಮರಕ್ಕೂ ಇರುವ ದೂರವೇ ಮರದ ಎತ್ತರ. ಡೇರೆ ಅದರ ಒಂದೂವರೆ ಪಟ್ಟು ದೂರ ಇರಬೇಕು. ಒಳ್ಳೆಯ ನೋಟವಿರುವ ಜಾಗಗಳನ್ನು ಇದೊಂದೇ ಕಾರಣಕ್ಕೆ ಎಷ್ಟೋ ಸಲ ಬಿಟ್ಟಿದ್ದೇನೆ. ಈ ವಿಷಯದಲ್ಲಿ ರಾಜಿಯಿಲ್ಲ.

ಹೊರಡುವುದು ಗುರುವಾರ ಬೆಳಿಗ್ಗೆ. ಮಧ್ಯಾಹ್ನ ಒಂದರೊಳಗೆ ಅಲ್ಲಿರಬೇಕು. ಒಂದೇ ರಸ್ತೆಯ ಮೇಲೆ ಮೂರು ಜಾಗ ಗುರುತಿಟ್ಟಿರುತ್ತೇನೆ. ಮೂರನೆಯದು ಚೆಂದವಿಲ್ಲದ, ವಿಶಾಲವಾದ, ಯಾರೂ ಬಯಸದ ಜಾಗ. ಸಾಮಾನ್ಯವಾಗಿ ತಗ್ಗಿನಲ್ಲಿ ಸೇಜ್ ಪೊದೆಗಳಿರುವ ಬಿಎಲ್‌ಎಂ ಬಯಲು. ಮುಕ್ಕಾಲು ಗಂಟೆ ಹುಡುಕಿ ಮೊದಲೆರಡು ಸಿಗದಿದ್ದರೆ ನೇರ ಅಲ್ಲಿಗೆ. ಗೆಳೆಯರ ಪ್ರಶ್ನೆಗೆ ಉತ್ತರ ಈ ಮೂರನೆಯ ಜಾಗವೇ. ಸೆಪ್ಟೆಂಬರ್ ಬಂದರೆ ಬೇಟೆಗಾರರು ವಾರ ಮೊದಲೇ ಟ್ರೈಲರ್ ತಂದು ಬೀಡುಬಿಟ್ಟಿರುತ್ತಾರೆ. ಆಗ ಮೂರು ಸಾಲದು, ಐದು ಬೇಕು. ಮಕ್ಕಳಿಗೆ ಕಿತ್ತಳೆ ಬಣ್ಣದ ಜಾಕೆಟ್ಟೂ ಬೇಕು.

ತಗ್ಗಿನ ಬಯಲಿಗೆ ಒಂದು ಎಚ್ಚರಿಕೆ. ಗ್ರ್ಯಾಂಡ್ ಜಂಕ್ಷನ್, ಡೆಲ್ಟಾ, ಮಾಂಟ್ರೋಸ್ ಕಡೆಯ ಬೂದು ಜೇಡಿಮಣ್ಣು ನಮ್ಮ ಚಿತ್ರದುರ್ಗದ ಕಡೆಯ ಎರೆಮಣ್ಣಿನ ಹಾಗೆಯೇ ನೀರು ಕುಡಿದು ಉಬ್ಬುವ ಜಾತಿ. ಒಣಗಿದ್ದಾಗ ಸಿಮೆಂಟು, ಅರ್ಧ ಇಂಚು ಮಳೆ ಬಿದ್ದರೆ ಬೆಣ್ಣೆ. ಟೈರಿನ ಸಾಲುಗಳು ತುಂಬಿ ಚಕ್ರ ನುಣುಪಾದ ಡ್ರಮ್ಮಾಗುತ್ತದೆ. ಆಲ್‌ವೀಲ್ ಡ್ರೈವ್ ಇದ್ದರೂ ಕಾರು ಪಕ್ಕಕ್ಕೇ ಜಾರುತ್ತದೆ. ಎರೆಹೊಲದಲ್ಲಿ ಗಾಡಿ ಹೊಡೆದವರಿಗೆ ಹೇಳಬೇಕಿಲ್ಲ. ಹದ ಆರುವವರೆಗೆ ಕದಲಬಾರದು. ಅದಕ್ಕಾಗಿ ಒಂದು ದಿನದ ನೀರು, ಊಟ ಯಾವಾಗಲೂ ಹೆಚ್ಚಿಗೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಒಂದೆರಡು ಗಂಟೆಗೆ ಗುಡುಗು ಶುರು. ಅಷ್ಟರೊಳಗೆ ಡೇರೆ ನಿಂತಿರಬೇಕು, ದಿಣ್ಣೆಯ ನೆತ್ತಿಯ ಮೇಲಲ್ಲ.

ಖರ್ಚಿನ ಲೆಕ್ಕ. ಕಾರಿನ ಮೇಲೆ ಹಾಕುವ ಡೇರೆಯನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ 1,100 ಡಾಲರ್‌ಗೆ ತಂದು, ಎರಡನೇ ವರ್ಷ 700ಕ್ಕೆ ಮಾರಿದೆ. ಅಂಗಡಿಗೋ ಟ್ರೈಲ್‌ಗೋ ಹೋಗಬೇಕಾದರೆ ಪ್ರತಿ ಸಲ ಮಡಚಬೇಕು, ಗ್ಯಾಲನ್ನಿಗೆ ಮೂರು ನಾಲ್ಕು ಮೈಲಿ ಖೋತಾ, ಗಾಳಿಗೆ ತೊಟ್ಟಿಲು. ಈಗಿರುವುದು ನೆಲದ ಮೇಲೆ ಹಾಕುವ ಆರು ಜನರ ಡೇರೆ, 220 ಡಾಲರ್. ನಿಜವಾಗಿ ಹಣ ಹಾಕಬೇಕಾದ್ದು ಟೈರಿಗೆ. ಕಾರಿನ ಜೊತೆ ಬಂದ ಟೈರುಗಳಲ್ಲಿ ಎರಡರ ಪಕ್ಕ ಚೂಪುಗಲ್ಲಿಗೆ ಸೀಳಿತು. ಪಕ್ಕ ಸೀಳಿದರೆ ಪ್ಲಗ್ ನಿಲ್ಲುವುದಿಲ್ಲ. ಆಲ್-ಟೆರೇನ್ ಟೈರು ನಾಲ್ಕು, ಅದೇ ಅಳತೆಯ ಪೂರ್ತಿ ಗಾತ್ರದ ಸ್ಪೇರ್ ಒಂದು, ಎಲ್ಲ ಸೇರಿ ಸಾವಿರದ ಆಸುಪಾಸು. ಪಟ್ಟೆಪಟ್ಟೆಯಾದ ಜಲ್ಲಿ ರಸ್ತೆಗೆ 35ರಿಂದ 26 ಪಿಎಸ್‌ಐಗೆ ಗಾಳಿ ಇಳಿಸುತ್ತೇನೆ. ವಾಪಸ್ ತುಂಬಲು ಪುಟ್ಟ ಕಂಪ್ರೆಸರ್‌ಗೆ ಚಕ್ರಕ್ಕೆ ನಾಲ್ಕು ನಿಮಿಷ. ಕಟ್ಟಿಸಿದ ಕ್ಯಾಂಪ್‌ಗ್ರೌಂಡ್ ರಾತ್ರಿಗೆ 25-30 ಡಾಲರ್ ಮೇಲೆ ಬುಕಿಂಗ್ ಶುಲ್ಕ 8, ಅದೂ ಎಷ್ಟೋ ಕಡೆ ಆರು ತಿಂಗಳು ಮುಂಚೆ. ಎಪ್ಪತ್ತೈದು ರಾತ್ರಿಗೆ ಉಳಿದದ್ದು 2,500ರ ಸುಮಾರು. ಸಾಮಾನಿಗೆ ಹಾಕಿದ ದುಡ್ಡು ಕಳೆದ ವರ್ಷ ತಾನೇ ತೀರಿದೆ.

ಒಲೆ ಎರಡು ಬರ್ನರಿನ ಪ್ರೊಪೇನ್. ಅಗ್ಗದ ಬ್ಯೂಟೇನ್ ಒಲೆಯಲ್ಲಿ ಬೆಳಿಗ್ಗೆ ಕಾಫಿಗೂ ಉರಿ ಏಳಲಿಲ್ಲ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್‌ಗೆ ಮೈನಸ್ 42ರವರೆಗೆ ಚಿಂತೆಯಿಲ್ಲ. ಬಿಸಾಡುವ ಒಂದು ಪೌಂಡಿನ ಡಬ್ಬಿ ಬಿಟ್ಟು, ತುಂಬಿಸಿಕೊಳ್ಳುವ ಐದು ಪೌಂಡಿನ ಸಿಲಿಂಡರಿಗೆ ಪೈಪು ಹಾಕಿಕೊಂಡೆ. ಸೌದೆ ಬೆಂಕಿ ಪೂರ್ತಿ ಬಿಟ್ಟಿದ್ದೇನೆ. 2020ರಲ್ಲಿ ಕ್ಯಾಮರನ್ ಪೀಕ್ ಬೆಂಕಿ ಎರಡು ಲಕ್ಷ ಎಕರೆಗೂ ಮೀರಿ ಸುಟ್ಟದ್ದನ್ನು ಇಲ್ಲಿ ಇದ್ದು ನೋಡಿದವರಿಗೆ ಮತ್ತೆ ಕಡ್ಡಿ ಗೀರಲು ಮನಸ್ಸಾಗದು. ಸೌದೆ ಬೆಂಕಿಗೆ ನಿಷೇಧವಿದ್ದಾಗಲೂ ತಿರುಪಿ ಆರಿಸುವ ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅನುಮತಿ ಇರುತ್ತದೆ. ಹೊರಡುವ ದಿನ ಆ ಕಾಡಿನ ಆದೇಶ ಓದಿಕೊಳ್ಳಿ.

ಹತ್ತು ಸಾವಿರ ಅಡಿಯಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎರಡು ಗಂಟೆ ಕುದಿಸಿದರೂ ಕಾಳಾಗಿಯೇ ಉಳಿಯಿತು. ಮೂರು ಲೀಟರಿನ ಕುಕ್ಕರ್ ಬೇಕೇ ಬೇಕು. ಕುಕ್ಕರಿನ ಒಳಗೂ ಬಿಸಿ ಊರಿನಲ್ಲಿರುವುದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ, ಹಾಗಾಗಿ ಮನೆಯಲ್ಲಿ ಮೂರು ಕೂಗಿನ ಬೇಳೆಗೆ ಅಲ್ಲಿ ಐದಾರು. ನೆನೆಸಿಟ್ಟರೆ ನಾಲ್ಕು. ಆಶ್ಚರ್ಯವಾದದ್ದು ಮುದ್ದೆ: ರಾಗಿ ಹಿಟ್ಟು ಬೇಯಲು 90 ಡಿಗ್ರಿ ಧಾರಾಳ, ಎರಡು ನಿಮಿಷ ಹೆಚ್ಚು ಮುಚ್ಚಿಟ್ಟರೆ ಮನೆಯದ್ದೇ ಹದ. ಗ್ಯಾಸೂ ಉಳಿಯುತ್ತದೆ. ಕೂಗಿಸಿದ ಕುಕ್ಕರನ್ನು ಹಳೆಯ ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿಟ್ಟು ನೋಡಿದೆ. ಬೇಳೆಗೆ ಎರಡು ಕೂಗು, ಆಮೇಲೆ ಸುತ್ತಿ ನಲವತ್ತು ನಿಮಿಷ: ಬೆಣ್ಣೆಯಂತೆ ಬೆಂದಿತು. ಅನ್ನಕ್ಕೆ ಇದು ಸರಿಬರಲಿಲ್ಲ, ಅಂಟಂಟಾಯಿತು. ದೋಸೆ ಹಿಟ್ಟು ರಾತ್ರಿ ಉಬ್ಬುವುದಿಲ್ಲ. ಹಗಲು ಗಾಜು ಏರಿಸಿದ ಕಾರಿನಲ್ಲಿ ಬಿಸಿಲಿಗೆ ಇಟ್ಟರೆ ಐದು ಗಂಟೆಯಲ್ಲಿ ಉಬ್ಬಿತು. ಪಾತ್ರೆ ಅರ್ಧ ಮಾತ್ರ ತುಂಬಿ, ಇಲ್ಲದಿದ್ದರೆ ಸೀಟಿನ ಮೇಲೆ.

ನೀರು ದಿನಕ್ಕೆ ನಮ್ಮ ನಾಲ್ವರಿಗೆ 16-18 ಲೀಟರ್, ನಮ್ಮ ಅಡುಗೆಗೆ ಅಷ್ಟು ಬೇಕು. ಎಲ್ಲ ಮನೆಯಿಂದಲೇ. ತೊರೆ ನೀರನ್ನು ಫಿಲ್ಟರ್ ಮಾಡುವುದು ತುರ್ತಿಗೆ ಮಾತ್ರ. ಸ್ಯಾನ್ ವಾನ್ ಬೆಟ್ಟಗಳಲ್ಲಿ ಕಲ್ಲುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ ತೊರೆ ಕಂಡರೆ ಹಳೆಯ ಗಣಿಯ ನೀರು ಸೇರುತ್ತಿದೆ ಎಂದು ತಿಳಿಯಿರಿ. 2015ರಲ್ಲಿ ಗೋಲ್ಡ್ ಕಿಂಗ್ ಗಣಿ ಒಡೆದು ಅನಿಮಸ್ ನದಿ ಹಳದಿಯಾದದ್ದು ಅಲ್ಲೇ. ಕೈಯಲ್ಲಿ ಹಿಂಡುವ ಫಿಲ್ಟರ್ ಲೋಹವನ್ನು ತಡೆಯುವುದಿಲ್ಲ. ಅದು ಒಂದು ರಾತ್ರಿ ಹೆಪ್ಪುಗಟ್ಟಿದರೂ ಒಳಗೆ ಸೀಳಿ ಕೆಟ್ಟಿರುತ್ತದೆ, ಹೊರಗೆ ಕಾಣುವುದಿಲ್ಲ. ಚಳಿಯಲ್ಲಿ ಮಲಗುವಾಗ ಜೊತೆಗಿಟ್ಟುಕೊಳ್ಳಿ.

ಮುಸುರೆ ನೀರನ್ನು ಟೀ ಜರಡಿಯಲ್ಲಿ ಸೋಸಿ, ಅಗುಳು ಕಸದ ಚೀಲಕ್ಕೆ, ನೀರನ್ನು ತೊರೆಯಿಂದ 200 ಅಡಿ, ಅಂದರೆ ಎಪ್ಪತ್ತು ಹೆಜ್ಜೆ ಆಚೆ ಎರಚಬೇಕು. ಶೌಚದ ಗುಂಡಿಗೂ ಅದೇ ದೂರ, ಆಳ ಆರರಿಂದ ಎಂಟು ಇಂಚು. ಚೊಂಬಿನಲ್ಲಿ ನೀರು ಬಳಸುವ ನಮ್ಮ ರೂಢಿ ಇಲ್ಲಿ ದೊಡ್ಡ ಲಾಭ: ಕಾಗದ ಉಳಿಯುವುದಿಲ್ಲ, ಪ್ರಾಣಿಗಳು ಕೆದಕಿದರೂ ಬಿಳಿ ಚೂರು ಹಾರಾಡುವುದಿಲ್ಲ. ಬೇರು, ಕಲ್ಲು ತುಂಬಿದ ನೆಲದಲ್ಲಿ ಎರಡು ಸಲಿಕೆ ಬಾಗಿದ ಮೇಲೆ ಬಕೆಟ್ಟು, ಮುಚ್ಚಳದ ಸೀಟು, ಮಲವನ್ನು ಗಟ್ಟಿಯಾಗಿಸುವ ಪುಡಿ ತುಂಬಿದ ಚೀಲ ತಂದೆ. ಚೀಲಕ್ಕೆ ಮೂರು ಡಾಲರ್ ಬೀಳುತ್ತದೆ. ಮಕ್ಕಳಿದ್ದರೆ ಅದೇ ಸರಿ.

ಕರಡಿಗೆ ಒಗ್ಗರಣೆಯ ವಾಸನೆ ಮೈಲಿ ದೂರದಿಂದ ಗೊತ್ತಾಗುತ್ತದೆ. ಅಡುಗೆ ಮಾಡುವುದು ಡೇರೆಯಿಂದ ನೂರು ಹೆಜ್ಜೆ ಆಚೆ, ಗಾಳಿ ಡೇರೆಯ ಕಡೆಗೆ ಬೀಸದ ದಿಕ್ಕಿನಲ್ಲಿ. ಮಲಗುವ ಮುಂಚೆ ಇಂಗಿನ ಡಬ್ಬಿಯಿಂದ ಟೂತ್‌ಪೇಸ್ಟಿನವರೆಗೆ ಎಲ್ಲ ಕಾರಿಗೆ, ಗಾಜು ಏರಿಸಿ, ಬೀಗ ಹಾಕಿ. ಬೀಗ ಮುಖ್ಯ, ಇಲ್ಲಿನ ಕಪ್ಪು ಕರಡಿಗಳು ಹಿಡಿಕೆ ಎಳೆದು ಬಾಗಿಲು ತೆರೆಯುತ್ತವೆ. ಯೆಲ್ಲೋಸ್ಟೋನ್ ಸುತ್ತಲ, ಗ್ರಿಜ್ಲಿ ಕರಡಿಗಳಿರುವ ಕಾಡುಗಳಲ್ಲಿ ಇದು ಬರೀ ಸಲಹೆಯಲ್ಲ, ಕಾನೂನು. ಬೆಳಿಗ್ಗೆ ಕಾಫಿ ಪುಡಿಗೆ ಕಾರಿಗೇ ನಡೆಯಬೇಕು. ಕೀಲಿ ಡೇರೆಯ ಒಳಗೆ, ಬಲಗೈ ಮೂಲೆಯ ಜೇಬಿನಲ್ಲಿ, ಪ್ರತಿ ರಾತ್ರಿ ಅದೇ ಜಾಗದಲ್ಲಿ.