ಈಸಾಫ್ಯೋರ್ದುರ್‌ಗೆ ಹೋದ್ರೆ ಮೊದಲ ದಿನಾನೇ ಬೋಟ್ ಹತ್ಬಿಡಿ

ಐಸ್‌ಲ್ಯಾಂಡ್‌ನ ವಾಯವ್ಯ ಮೂಲೇಲಿ ಈಸಾಫ್ಯೋರ್ದುರ್ ಅಂತ ಊರಿದೆ, ಮೂರು ಸಾವಿರದೊಳಗೆ ಜನ, ಹಿಂದೆ ಗೋಡೆ ಥರ ಗುಡ್ಡ, ಮುಂದೆ ಫ್ಯೋರ್ಡ್, ಅಂದ್ರೆ ಬೆಟ್ಟದ ಸಂದೀಲಿ ಒಳಗೆ ನುಗ್ಗಿರೋ ಸಮುದ್ರ. ಮ್ಯಾಪ್ ನೋಡಿ ಕಿಲೋಮೀಟರ್ ಲೆಕ್ಕ ಹಾಕೋದು ಇಲ್ಲಿ ನಡೆಯಲ್ಲ. ಎದುರಿಗೇ ಕಾಣೋ ದಡಕ್ಕೆ ಹೋಗೋಕೂ ರೋಡು ಫ್ಯೋರ್ಡ್ ಪೂರ್ತಿ ಸುತ್ಕೊಂಡು ಹೋಗುತ್ತೆ, ಜೋರು ಗಾಳಿ ಎದ್ರೆ ಬೋಟೂ ಇಲ್ಲ ವಿಮಾನಾನೂ ಇಲ್ಲ. ಹಾಗಾಗಿ ಜೂನ್-ಜುಲೈಲಿ ಮೂರ್ನಾಲ್ಕು ದಿನ ಇಟ್ಕೊಂಡು ಹೋಗಿ, ಗಾಳಿಗೆ ಕೆಡೋ ಕೆಲಸ ಮೊದಲು.

ಹೆಜ್ಜೆ 1: ಸಮುದ್ರ
ಮೊದಲ ದಿನ ಹೋರ್ನ್‌ಸ್ಟ್ರಾಂದಿರ್‌ಗೆ ಬೋಟ್ ಬುಕ್ ಮಾಡಿ, ಅವತ್ತು ಕ್ಯಾನ್ಸಲ್ ಆದ್ರೂ ಇನ್ನೊಂದು ದಿನ ಕೈಲಿರುತ್ತೆ. 1975ರಿಂದ ಸಂರಕ್ಷಿತ ಜಾಗ ಅದು, ರೋಡಿಲ್ಲ, ಅಂಗಡಿಯಿಲ್ಲ. ಬೋಟ್ ಇಳಿಸೋ ಹೆಸ್ತೇರಿ ಅನ್ನೋ ಹಳ್ಳೀನ 1952ರಲ್ಲಿ ಊರೋರೆಲ್ಲ ಬಿಟ್ಟು ಹೋದ್ರು, ಮನೆಗಳು ಮಾತ್ರ ನಿಂತಿವೆ. ನರಿ ಬೇಟೆಗೆ ಅಲ್ಲಿ ಅವಕಾಶ ಇಲ್ಲ, ಅದಕ್ಕೇ ಆರ್ಕ್ಟಿಕ್ ನರಿಗಳು ಜನರನ್ನ ಕಂಡು ಓಡಲ್ಲ (ಬುತ್ತಿ ಮಾತ್ರ ಬ್ಯಾಗೊಳಗೇ ಇರ್ಲಿ). ಇಡೀ ದಿನ ಬೇಡ ಅನ್ನೋರಿಗೆ ವಿಗುರ್ ದ್ವೀಪ ಇದೆ, ಬೋಟಲ್ಲಿ ಸುಮಾರು ಅರ್ಧ ಗಂಟೆ, ಪಫಿನ್ ಹಕ್ಕಿಗಳನ್ನ ನೋಡ್ಬಹುದು, ಆಗಸ್ಟ್ ಮಧ್ಯಕ್ಕೆ ಅವು ಸಮುದ್ರಕ್ಕೆ ಹೊರಟೋಗ್ತವೆ.

ಹೆಜ್ಜೆ 2: ರೋಡು
ಕಾರ್ ಬಾಡಿಗೆಗೆ ತಗೊಂಡು ದಿನ್ಯಾಂದಿ ಜಲಪಾತಕ್ಕೆ ಹೋಗಿ, ಸುಮಾರು 100 ಮೀಟರ್ ಎತ್ತರ, ಕೆಳಗೆ ಬರ್ತಾ ಬರ್ತಾ ಸೀರೆ ನೆರಿಗೆ ಬಿಚ್ಚಿದ ಹಾಗೆ ಅಗಲ ಆಗುತ್ತೆ. 2020ರಲ್ಲಿ ದೀರಾಫ್ಯೋರ್ದುರ್ ಸುರಂಗ ಆದ್ಮೇಲೆ ಮೊದಲಿನ ಘಾಟಿ ಹತ್ತೋ ಕಷ್ಟ ತಪ್ಪಿದೆ. ಆದ್ರೆ ಊರು ಬಿಟ್ಟ ತಕ್ಷಣ ಸಿಗೋ ಹಳೇ ಸುರಂಗ, 1996ರದ್ದು, ಒಟ್ಟು 9 ಕಿ.ಮೀ., ಅಲ್ಲಿ ಹುಷಾರಾಗಿರಿ, ಗುಡ್ಡದ ಹೊಟ್ಟೆಯೊಳಗೇ ಸರ್ಕಲ್ ಥರ ದಾರಿ ಎರಡಾಗುತ್ತೆ, ಅಲ್ಲಿಂದಾಚೆ ಒಂದೇ ಲೇನು! ದಾರಿ ಬಿಡೋ ಜಾಗಕ್ಕೆ 'ಎಂ' ಅಂತ ಬೋರ್ಡ್ ಇರುತ್ತೆ, ಆ ಜಾಗ ನಿಮ್ಮ ಕಡೆಗಿದ್ರೆ ನೀವೇ ಪಕ್ಕಕ್ಕೆ ನಿಲ್ಲಿಸ್ಬೇಕು, ಎದುರಿನವ್ರು ಹೋದ್ಮೇಲೆ ಮುಂದೆ.

ಲಾತ್ರಬ್ಯಾರ್ಗ್ ಕಡಲಬಂಡೆ ಕೂಡ ಅದೇ ದಿನ ಮುಗಿಸ್ತೀವಿ ಅನ್ಬೇಡಿ, ಸುಸ್ತಾಗೋಗ್ತೀರ.

ಹೆಜ್ಜೆ 3: ಅಲ್ಲಿಂದ ಮುಂದಕ್ಕೆ
ವಿಮಾನದಲ್ಲಿ ರಾಜಧಾನಿ ರೇಕ್ಯಾವಿಕ್ 40 ನಿಮಿಷ, ಗುಡ್ಡದ ಪಕ್ಕಕ್ಕೇ ತಿರುಗಿಸೋ ರನ್‌ವೇ ಅದು, ಕಿಟಕಿ ಸೀಟೇ ಕೇಳಿ. ರೋಡಲ್ಲಾದ್ರೆ ಸುಮಾರು 450 ಕಿ.ಮೀ., ಒಂದು ದಿನ ಅದಕ್ಕೇ ಹೋಯ್ತು ಅನ್ಕೊಳ್ಳಿ. ನನ್ನ ಕೇಳಿದ್ರೆ ಮಧ್ಯದ ದಾರಿ ಚೆಂದ: ದಿನ್ಯಾಂದಿ ದಾಟಿ ದಕ್ಷಿಣಕ್ಕೆ ಬ್ರ್ಯಾನ್ಸ್‌ಲೈಕುರ್‌ವರೆಗೂ ಡ್ರೈವ್ ಮಾಡಿ, ಕಾರ್ ಸಮೇತ ಫೆರಿ ಹತ್ತಿ, ಎರಡೂವರೆ ಗಂಟೇಲಿ ಸ್ಟಿಕ್ಕಿಸ್‌ಹೋಲ್ಮುರ್ ಅನ್ನೋ ಊರು, ಅಲ್ಲಿಂದ ರೇಕ್ಯಾವಿಕ್‌ಗೆ ಮತ್ತೆ ರೋಡು. ಹೀಗೆ ಹೋಗೋದಾದ್ರೆ ಜಲಪಾತಕ್ಕೆ ಬೇರೆ ದಿನ ಬೇಡ, ದಾರೀಲೇ ಸಿಗುತ್ತೆ, ಆದ್ರೆ ಬೇರೆ ಊರಲ್ಲಿ ಕಾರ್ ವಾಪಸ್ ಕೊಡೋಕೆ ಎಷ್ಟು ಎಕ್ಸ್‌ಟ್ರಾ ಅಂತ ಮೊದಲೇ ಕೇಳಿಟ್ಕೊಳ್ಳಿ.

ಇನ್ನೊಂದು, ಇಲ್ಲಿಂದ ವಿಮಾನ ಇಳಿಯೋದು ರೇಕ್ಯಾವಿಕ್ ಊರೊಳಗಿನ ಸಣ್ಣ ಏರ್‌ಪೋರ್ಟಲ್ಲಿ. ನಮ್ಮ ದೇಶಕ್ಕೆ ವಾಪಸ್ ಬರೋ ಫ್ಲೈಟ್ ಸಿಗೋದು ಕೆಫ್ಲಾವಿಕ್‌ನಲ್ಲಿ, ಅಲ್ಲಿಗೆ ಮುಕ್ಕಾಲು ಗಂಟೆ ದಾರಿ. ಎರಡನ್ನೂ ಒಂದೇ ದಿನ ಬುಕ್ ಮಾಡ್ಬೇಡಿ, ಮಧ್ಯೆ ಒಂದು ರಾತ್ರಿ ಇರ್ಲಿ.