ಪಿಡಿಎಫ್ ತೆರೆದಾಗ ಮಿಂಚಿ ಹೋಗುವ ಕಪ್ಪು ವಿಂಡೋ: ನಾನು ನಿಲ್ಲಿಸಿದ ಬಗೆ

ಮೇಲ್‌ನಲ್ಲಿ ಬಂದಿದ್ದ ಒಂದು ಬಿಲ್‌ನ ಪಿಡಿಎಫ್ ತೆರೆದರೆ ಕಪ್ಪು ವಿಂಡೋ ಒಂದು ಮಿಂಚಿ ಮಾಯವಾಗುತ್ತಿತ್ತು, ಆಮೇಲೆ ಪಿಡಿಎಫ್ ತೆರೆಯುವ ಪ್ರೋಗ್ರಾಂ ಆದ ಅಡೋಬಿ ರೀಡರ್ ಹ್ಯಾಂಗ್. ಬೇರೆ ಪಿಡಿಎಫ್‌ಗಳು ಸರಿಯಾಗೇ ತೆರೆಯುತ್ತಿದ್ದವು.

ಆಂಟಿವೈರಸ್‌ನಲ್ಲಿ ಎರಡು ಸಲ ಫುಲ್ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ರೀಡರ್ ತೆಗೆದು ಮತ್ತೆ ಹಾಕಿದ್ದೂ ದಂಡ, ಯಾಕಂದ್ರೆ ಡೌನ್‌ಲೋಡ್ಸ್‌ನಲ್ಲಿ ಬಿದ್ದಿದ್ದ ಹಳೇ ಸೆಟಪ್ ಫೈಲನ್ನೇ ಓಡಿಸಿದ್ದೆ. ಭದ್ರತೆಯಲ್ಲಿ ತೂತಿದ್ದ ಅದೇ ವರ್ಷನ್ ವಾಪಸ್ ಬಂತು ಅಷ್ಟೆ.

ಕೆಲಸ ಮಾಡಿದ್ದು ಇದು, ಇದೇ ಕ್ರಮದಲ್ಲಿ. ಆ ಹಳೇ ಸೆಟಪ್ ಫೈಲ್ ಅಳಿಸಿ, ರೀಡರ್ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ತಯಾರಕರ ಸೈಟಿನಿಂದಲೇ ಹೊಸ ವರ್ಷನ್ ಹಾಕಿದೆ. ಯಾವ ಫೈಲನ್ನೂ ತೆರೆಯುವ ಮೊದಲೇ ಎಡಿಟ್, ಪ್ರಿಫರೆನ್ಸಸ್‌ಗೆ ಹೋದೆ. ಜಾವಾಸ್ಕ್ರಿಪ್ಟ್‌ನಲ್ಲಿ ಎನೇಬಲ್ ಟಿಕ್ ತೆಗೆದೆ. ಟ್ರಸ್ಟ್ ಮ್ಯಾನೇಜರ್‌ನಲ್ಲಿ, ಪಿಡಿಎಫ್ ಅಲ್ಲದ ಅಟ್ಯಾಚ್‌ಮೆಂಟನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆಯಲು ಬಿಡುವ ಟಿಕ್ಕನ್ನೂ ತೆಗೆದೆ. ಸೆಕ್ಯೂರಿಟಿ ಎನ್‌ಹ್ಯಾನ್ಸ್ಡ್‌ನಲ್ಲಿ ಪ್ರೊಟೆಕ್ಟೆಡ್ ಮೋಡ್ (ಫೈಲ್ ಕಂಪ್ಯೂಟರ್‌ನ ಬೇರೆ ಭಾಗ ಮುಟ್ಟದಂತೆ ತಡೆಯುವ ಬೇಲಿ) ಆನ್, ಪ್ರೊಟೆಕ್ಟೆಡ್ ವ್ಯೂಗೆ ಆಲ್ ಫೈಲ್ಸ್, ಅಂದ್ರೆ ಎಲ್ಲ ಫೈಲೂ ಮೊದಲು ಬರೀ ಓದುವುದಕ್ಕಷ್ಟೇ ತೆರೆಯುತ್ತದೆ. ರೀಡರ್ ಮುಚ್ಚಿ ತೆರೆದ ಮೇಲೆಯೇ ಇದು ಜಾರಿಗೆ ಬರುತ್ತದೆ, ಮರೀಬೇಡಿ.

ಪಿಡಿಎಫ್ ಅಂದ್ರೆ ಸುಮ್ನೆ ಕಾಗದದ ಚಿತ್ರ ಅಲ್ವಲ್ಲ, ಒಳಗೆ ಸ್ಕ್ರಿಪ್ಟ್, ಅಂದ್ರೆ ತಾನಾಗೇ ಓಡುವ ಪುಟ್ಟ ಪ್ರೋಗ್ರಾಂ ಇರಬಹುದು; ಜಾವಾಸ್ಕ್ರಿಪ್ಟ್ ಅಂಥದ್ದೇ. ಜಾವಾಸ್ಕ್ರಿಪ್ಟ್ ಇಲ್ಲದೆ ಲೆಕ್ಕ ಹಾಕುವ ಕೆಲವು ಫಾರ್ಮ್‌ಗಳು ನಡೆಯಲ್ಲ, ಬೇಕಾದಾಗ ಮಾತ್ರ ಆನ್ ಮಾಡಿಕೊಳ್ಳಿ. ಮತ್ತೆ, ಆಗಲೇ ಕಂಪ್ಯೂಟರ್ ಒಳಗೆ ನುಗ್ಗಿದ ವೈರಸ್ಸನ್ನು ಈ ಸೆಟ್ಟಿಂಗ್ ಹೊರಗೆ ಹಾಕಲ್ಲ. ಅದಕ್ಕೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ನಡೆಯುವ ತಪಾಸಣೆ) ಬೇರೆಯಾಗಿ ಮಾಡಬೇಕು.